ಚುನಾವಣೆ ಮುಗೀಲಿ

ತನ್ನನ್ನು ಮದುವೆಯಾಗು ಎಂದು ಜೇಬೆಜ್ ಕ್ರಾಮರ್ ಹುಲ್ಡಾಳನ್ನು ಮೊದಲ ಸಲ ಕೇಳಿದ್ದು ಸಾವಿರದ ಎಂಟುನೂರನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ, ಅವಳ ಸೇಬಿನ ಗಾಣದ ಪಕ್ಕ ನಿಂತು. ಕುದುರೆ ಗಾಣ ಸುತ್ತುತ್ತಿತ್ತು. ಹುಲ್ಡಾ ಕೈಗಂಟಿದ ಸಿಪ್ಪೆಯನ್ನು ಏಪ್ರನ್ನಿಗೆ ಒರೆಸಿಕೊಂಡು, ಅವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಚುನಾವಣೆ ಮುಗೀಲಿ, ನೋಡೋಣ" ಅಂದಳು.

ಜೇಬೆಜ್‌ಗೆ ಅದು ನ್ಯಾಯವಾದ ಮಾತು ಅನ್ನಿಸಿತು. ಅಕ್ಟೋಬರ್ ಎರಡನೆಯ ಮಂಗಳವಾರ ಚುನಾವಣೆ. ನಾಲ್ಕೈದು ವಾರ ಕಾಯುವುದೇನು ಮಹಾ. ಖುಷಿಯಿಂದಲೇ ಮನೆಗೆ ಹೋದ. ಪಾಪ, ಅವನು ಒಂದು ಸಂಗತಿ ಮರೆತಿದ್ದ. ನ್ಯೂಜೆರ್ಸಿಯಲ್ಲಿ ಶಾಸನಸಭೆಗೆ ವರ್ಷ ವರ್ಷವೂ ಚುನಾವಣೆ. ಜನ ತಮ್ಮ ಪ್ರತಿನಿಧಿಯನ್ನು ಒಂದು ವರ್ಷಕ್ಕಿಂತ ಹೆಚ್ಚು ನಂಬಬಾರದು ಎಂದು ರಾಜ್ಯ ಕಟ್ಟಿದ ಹಿರಿಯರು ಹಾಗೆ ಮಾಡಿಟ್ಟಿದ್ದರು. ಹೀಗಾಗಿ ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಜೇಬೆಜ್ ಪ್ರತಿ ಸೆಪ್ಟೆಂಬರಿನಲ್ಲೂ ಕೇಳುತ್ತಿದ್ದ, ಹುಲ್ಡಾ ಪ್ರತಿ ಸೆಪ್ಟೆಂಬರಿನಲ್ಲೂ ಅದೇ ಮಾತು ಹೇಳುತ್ತಿದ್ದಳು. ಆಲ್ಡರ್ ಬ್ರಿಡ್ಜ್ ಊರಿನ ಜನಕ್ಕೆ ಅದು ಹವಾಮಾನದ ಹಾಗೆ ಅಭ್ಯಾಸವಾಗಿಹೋಗಿತ್ತು.

ಜೇಬೆಜ್ ಟೋಪಿ ಮಾಡುವವನು. ಇಂಗ್ಲಿಷ್ ರಾಜನ ಮೇಲಿನ ಯುದ್ಧದಲ್ಲಿ ಎಡಗಾಲಿಗೆ ಗುಂಡು ಬಿದ್ದು ಕುಂಟುತ್ತಿದ್ದ. ಆ ಕಾಲಿಗಿಂತ ಅವನಿಗೆ ಹೆಮ್ಮೆಯ ವಸ್ತು ಇನ್ನೊಂದಿತ್ತು: ಒಂದು ತಗಡಿನ ಡಬ್ಬಿ. ಸಾವಿರದ ಏಳುನೂರ ಎಂಬತ್ತೇಳರ ಬೇಸಿಗೆಯಲ್ಲಿ ಅವನು ನದಿಯಾಚೆ ಫಿಲಡೆಲ್ಫಿಯಾದಲ್ಲಿ, ದೇಶದ ಸಂವಿಧಾನ ಬರೆಯುತ್ತಿದ್ದ ಕಟ್ಟಡದಿಂದ ಎರಡು ಬೀದಿ ದೂರದ ಟೋಪಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಳಗಿನ ಮಾತು ಹೊರಗೆ ಹೋಗಬಾರದೆಂದು ಆ ಮಹನೀಯರು ಬೇಸಿಗೆಯ ಸೆಕೆಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಕೂತಿದ್ದರು. ಬೆವರಿಗೆ ಟೋಪಿಗಳು ಹಾಳಾದವು, ಟೋಪಿಗಳು ಅಂಗಡಿಗೆ ಬಂದವು. ಒಳಗೆ ಏನು ನಡೆಯುತ್ತಿದೆ ಎಂದು ದೇಶದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರ ತಲೆ ಎಷ್ಟು ದೊಡ್ಡದು ಎಂದು ಮಾತ್ರ ಜೇಬೆಜ್‌ಗೆ ಗೊತ್ತಿತ್ತು. ಹನ್ನೊಂದು ತಲೆಗಳ ಅಳತೆಯನ್ನು ಹನ್ನೊಂದು ಕಾಗದದ ಪಟ್ಟಿಗಳಲ್ಲಿ ಕತ್ತರಿಸಿ ಆ ಡಬ್ಬಿಯಲ್ಲಿಟ್ಟಿದ್ದ. ಎಲ್ಲಕ್ಕಿಂತ ಸಣ್ಣ ತಲೆ ಯಾರದು ಎಂದು ಹೆಂಡದಂಗಡಿಯಲ್ಲಿ ಎಷ್ಟು ಕುಡಿಸಿದರೂ ಬಾಯಿ ಬಿಡುತ್ತಿರಲಿಲ್ಲ.

ಆ ಹನ್ನೊಂದು ಪಟ್ಟಿಗಳ ಬಲದಿಂದ ಅವನು ಊರಿಗೆಲ್ಲ ಸಂವಿಧಾನದ ಪಂಡಿತ. ಶನಿವಾರ ಅಂಗಡಿ ಬೇಗ ಮುಚ್ಚಿ ಹುಲ್ಡಾಳ ಗಾಣಕ್ಕೆ ಹೋಗಿ, ಕುದುರೆಯ ಹಗ್ಗ ಹಿಡಿದು ಸುತ್ತು ಹಾಕುತ್ತ ಅವಳಿಗೂ ಪಾಠ ಹೇಳುತ್ತಿದ್ದ. ಹುಲ್ಡಾಳ ಗಂಡ ಅಮೋಸ್ ಬ್ಯಾಲಿಂಜರ್ ಸಾಯುವಾಗ ಗಾಣ, ತೋಟ, ಕುದುರೆ ಎಲ್ಲವನ್ನೂ ಅವಳ ಹೆಸರಿಗೆ ಬರೆದುಹೋಗಿದ್ದ. ಮಕ್ಕಳಿರಲಿಲ್ಲ. ಅವಳು ಆ ಗಾಣವನ್ನು ಅಮೋಸನಿಗಿಂತ ಚೆನ್ನಾಗಿ ನಡೆಸುತ್ತಿದ್ದಳು ಎಂದು ಊರು ಹೇಳುತ್ತಿತ್ತು, ಅಮೋಸನೂ ಬದುಕಿದ್ದಾಗ ಹೇಳುತ್ತಿದ್ದ.

"ಈ ಸಂವಿಧಾನದ ಜಾಣತನ ಇರೋದೇ ಇಲ್ಲಿ ನೋಡು ಹುಲ್ಡಾ" ಎಂದ ಒಂದು ಶನಿವಾರ. "ಕೆಳಮನೆ ಏನೋ ಮಾಡೋಕೆ ಹೋಯ್ತು ಅನ್ನು, ಮೇಲ್ಮನೆ ತಡೀತದೆ. ಎರಡೂ ಸೇರ್ಕೊಂಡ್ರೆ ಅಧ್ಯಕ್ಷ ಆಗಲ್ಲ ಅನ್ನಬಹುದು. ಅಧ್ಯಕ್ಷನೇ ತಲೆ ಕೆಟ್ಟು ಕುಣಿದ್ರೆ ಅವನನ್ನ ಮನೆಗೆ ಕಳಿಸೋಕೆ ದಾರಿ ಇದೆ. ಯಾರ ಕೈಗೂ ಪೂರ್ತಿ ಜುಟ್ಟು ಕೊಟ್ಟಿಲ್ಲ."

"ಯಾಕಂತೆ?"

"ಮನುಷ್ಯನ್ನ ನಂಬೋಕಾಗಲ್ಲ, ಅದಕ್ಕೆ. ಎಂಥ ಒಳ್ಳೇವನಾಗಲಿ, ಒಬ್ಬನ ಕೈಗೇ ಎಲ್ಲಾ ಕೊಟ್ರೆ ರಾಜ ಆಗ್ಬಿಡ್ತಾನೆ. ಸುಮ್ಸುಮ್ನೆ ಕಾಲಿಗೆ ಗುಂಡು ತಿಂದ್ನಾ ನಾನು?"

ಹುಲ್ಡಾ ಬುಟ್ಟಿಯಿಂದ ಕೊಳೆತ ಸೇಬು ಆರಿಸಿ ಹಂದಿಯ ಕಡೆಗೆ ಎಸೆಯುತ್ತಿದ್ದಳು. "ನಾನೂ ನೀನೂ ಮದುವೆಯಾದ್ವಿ ಅಂದ್ಕೋ" ಅಂದಳು.

ಜೇಬೆಜ್ ಹಗ್ಗ ಬಿಟ್ಟುಬಿಟ್ಟ. ಕುದುರೆಯೂ ನಿಂತಿತು.

"ಬರೀ ಅಂದ್ಕೋ ಅಂದೆ, ನಡಿ ನಡಿ. ಮದುವೆಯಾದ್ವಿ. ಈ ಗಾಣ ಯಾರದ್ದು?"

"ಕಾನೂನಿನ ಪ್ರಕಾರ ಅಂದ್ರೆ... ನಂದು."

"ಕುದುರೆ?"

"ನಂದು. ಆದ್ರೆ ನಾನು ಅಂಥೋನಲ್ಲ, ನಿಂಗೊತ್ತು."

"ಈ ಏಪ್ರನ್ನು?"

"ಅದೂ ನಂದೇ ಕಣೆ. ನಾನೇನು ಹಾಕ್ಕೋತೀನಾ?"

"ನನ್ನ ಓಟು?"

ಜೇಬೆಜ್ ತಡವರಿಸಿದ. ನ್ಯೂಜೆರ್ಸಿಯ ಸಂವಿಧಾನ ಎಪ್ಪತ್ತಾರರಲ್ಲಿ ಬರೆದದ್ದು. ಇಂಗ್ಲಿಷರ ಹಡಗುಗಳು ಬಾಗಿಲಿಗೆ ಬಂದು ನಿಂತಿದ್ದವು, ಬರೆಯುವವರು ಅವಸರದಲ್ಲಿದ್ದರು. ಐವತ್ತು ಪೌಂಡಿನ ಆಸ್ತಿಯಿರುವ ನಿವಾಸಿಗಳೆಲ್ಲರೂ ಮತ ಹಾಕಬಹುದು ಎಂದು ಬರೆದರು. ಗಂಡಸು ಎಂದು ಬರೆಯಲಿಲ್ಲ, ಬಿಳಿಯ ಎಂದೂ ಬರೆಯಲಿಲ್ಲ. ಅದು ದೊಡ್ಡ ಮನಸ್ಸೋ ಗಡಿಬಿಡಿಯೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಂತೂ ಆಸ್ತಿಯಿದ್ದ ವಿಧವೆಯರು, ಮದುವೆಯಾಗದ ಹೆಂಗಸರು ಮತ ಹಾಕುತ್ತಿದ್ದರು. ಗಂಡನಿರುವವಳಿಗೆ ಮಾತ್ರ ಸ್ವಂತ ಆಸ್ತಿಯೇ ಇರಲು ಸಾಧ್ಯವಿಲ್ಲ, ಆದ್ದರಿಂದ ಮತವೂ ಇಲ್ಲ.

"ಆಸ್ತಿ ಇಲ್ಲದ ಮೇಲೆ ಓಟಿರಲ್ಲ" ಎಂದ ಜೇಬೆಜ್.

"ಹಂಗಾದ್ರೆ ಅದೂ ನಿಂಗೇ ಬರುತ್ತಾ? ನೀನು ಎರಡು ಓಟು ಹಾಕ್ತೀಯಾ?"

"ಇಲ್ಲ, ಒಂದೇ. ಎರಡು ಹಾಕಿದ್ರೆ ಜೈಲಿಗೆ ಹಾಕ್ತಾರೆ."

"ಗಾಣ ನಿಂಗೆ ಬಂತು, ಕುದುರೆ ನಿಂಗೆ ಬಂತು, ಏಪ್ರನ್ನೂ ಬಂತು. ಓಟು ಎಲ್ಲಿಗೆ ಹೋಯ್ತು ಜೇಬೆಜ್?"

ಸಂವಿಧಾನದ ಪಂಡಿತ ಒಂದು ಸುತ್ತು ಪೂರ್ತಿ ಯೋಚಿಸಿದ. ಮತ್ತೆ ಅವಳ ಎದುರಿಗೆ ಬಂದಾಗಲೂ ಉತ್ತರ ಸಿಕ್ಕಿರಲಿಲ್ಲ. "ಎಲ್ಲಿಗೂ ಹೋಗಲ್ಲ, ಇಲ್ಲದಂಗಾಗುತ್ತೆ ಅಷ್ಟೆ" ಎಂದ.

"ಅದಕ್ಕೇ ಹೇಳ್ತೀನಿ, ಚುನಾವಣೆ ಮುಗೀಲಿ."

ಹೀಗೆ ಏಳು ವರ್ಷ ಕಳೆಯಿತು.

ಸಾವಿರದ ಎಂಟುನೂರ ಏಳರ ಚಳಿಗಾಲದಲ್ಲಿ ರಾಜ್ಯದ ಉತ್ತರದ ಒಂದು ಜಿಲ್ಲೆಯಲ್ಲಿ ಕೋರ್ಟಿನ ಕಟ್ಟಡ ಯಾವ ಊರಿನಲ್ಲಿ ಕಟ್ಟಬೇಕೆಂದು ಮತದಾನ ನಡೆಯಿತು. ನಮ್ಮೂರಿಗೇ ಬೇಕು ಎಂದು ಎರಡು ಊರಿನವರೂ ಹಟಕ್ಕೆ ಬಿದ್ದರು. ಗಂಡಸರು ಒಂದು ಸಲ ಗಂಡಸರಾಗಿ ಮತ ಹಾಕಿ, ಮನೆಗೆ ಹೋಗಿ ಹೆಂಡತಿಯ ಲಂಗ ತೊಟ್ಟು, ಮುಸುಕು ಹಾಕಿಕೊಂಡು ಬಂದು ಹೆಂಗಸರಾಗಿ ಇನ್ನೊಂದು ಸಲ ಹಾಕಿದರಂತೆ. ಊರಿನಲ್ಲಿದ್ದ ತಲೆಗಳಿಗಿಂತ ಪೆಟ್ಟಿಗೆಯಲ್ಲಿ ಬಿದ್ದ ಚೀಟಿಗಳು ಎಷ್ಟೋ ಹೆಚ್ಚಾದವು. ರಾಜ್ಯಕ್ಕೆ ರಾಜ್ಯವೇ ಛೀಮಾರಿ ಹಾಕಿತು. ಹೆಂಗಸರಿಗೆ ಮತ ಕೊಟ್ಟರೆ ಆಗುವ ಅನಾಹುತ ನೋಡಿ ಎಂದು ಪತ್ರಿಕೆಗಳಲ್ಲಿ ಬರೆದರು. ಲಂಗ ತೊಟ್ಟವರ ಗಡ್ಡದ ವಿಷಯ ಯಾರೂ ಎತ್ತಲಿಲ್ಲ.

ಆ ವರ್ಷವೇ ರಿಪಬ್ಲಿಕನ್ ಪಕ್ಷದವರು ಬಂದು ಜೇಬೆಜ್‌ನನ್ನು ಟ್ರೆಂಟನ್‌ನಲ್ಲಿ ಸೇರುವ ಶಾಸನಸಭೆಗೆ ನಿಲ್ಲು ಎಂದರು. ಕುಂಟುಗಾಲು ಮತಕ್ಕೆ ಒಳ್ಳೆಯದು, ತಗಡಿನ ಡಬ್ಬಿಯೂ ಒಳ್ಳೆಯದು ಎಂದು ಅವರ ಲೆಕ್ಕ. ಜೇಬೆಜ್ ಓಡಿದ್ದು ಗಾಣಕ್ಕೆ.

"ನಿಂತ್ಕೊಳ್ಲಾ ಹುಲ್ಡಾ?"

"ನಿಂತ್ಕೋ. ಟೋಪಿಗಿಂತ ತಲೆ ಮುಖ್ಯ ಅಂತ ತಿಳಿದೋನು ಒಬ್ಬನಾದ್ರೂ ಟ್ರೆಂಟನ್‌ನಲ್ಲಿ ಇರಲಿ."

"ಸೋತ್ರೆ?"

"ನಾನಿರೋವಾಗ ಹೆಂಗೆ ಸೋಲ್ತೀಯ?"

ಅವಳು ಹಾಗೆ ಹೇಳಿ ಸುಮ್ಮನೆ ಕೂರಲಿಲ್ಲ. ಸೆಪ್ಟೆಂಬರ್ ಪೂರ್ತಿ ತನ್ನ ಗಾಡಿಯಲ್ಲಿ ಸೇಬಿನ ರಸದ ಪೀಪಾಯಿ ಹೇರಿಕೊಂಡು ಹೋದ ಊರಿನಲ್ಲೆಲ್ಲ ವಿಧವೆಯರ ಅಡಿಗೆಮನೆ ಹೊಕ್ಕಳು. ಚುನಾವಣೆಯ ದಿನ ಆಲ್ಡರ್ ಬ್ರಿಡ್ಜಿನ ಸತ್ರದ ಮುಂದೆ ನೋಡುವ ಹಾಗಿತ್ತು. ವಿಧವೆಯರನ್ನು ಕರೆತರಲು ಎರಡೂ ಪಕ್ಷದವರು ಸಾರೋಟು ಕಳಿಸುತ್ತಿದ್ದರು. ವರ್ಷದ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಕೆಸರಿನಲ್ಲಿ ನಡೆಯುವ ಹೆಂಗಸರಿಗೆ ಅವತ್ತೊಂದು ದಿನ, ಹತ್ತುವಾಗ ಒಬ್ಬ ಕೈ ಹಿಡಿಯುತ್ತಿದ್ದ, ಇಳಿಯುವಾಗ ಒಬ್ಬ ಕೈ ಹಿಡಿಯುತ್ತಿದ್ದ. ಹುಲ್ಡಾ ಯಾರ ಸಾರೋಟನ್ನೂ ಹತ್ತಲಿಲ್ಲ. ಹನ್ನೊಂದು ವಿಧವೆಯರನ್ನು ತನ್ನ ಸೇಬಿನ ಗಾಡಿಯಲ್ಲೇ ಪೀಪಾಯಿಗಳ ಮಧ್ಯೆ ಕೂರಿಸಿಕೊಂಡು ಬಂದು ಇಳಿಸಿದಳು.

ಸತ್ರದ ಮೆಟ್ಟಿಲ ಬಳಿ ಫೀಬಿ ಚುನಾವಣೆಯ ಕೇಕು ಮಾರುತ್ತಿದ್ದಳು. ದ್ರಾಕ್ಷಿ ಹಾಕಿದ ದಪ್ಪ ಕೇಕು, ವರ್ಷಕ್ಕೊಂದೇ ಸಲ ಮಾಡುವುದು. ಫೀಬಿ ಕರಿಯ ಹೆಂಗಸು. ಹುಟ್ಟುವಾಗ ಗುಲಾಮಳು, ತನ್ನನ್ನು ತಾನೇ ದುಡಿದು ಬಿಡಿಸಿಕೊಂಡವಳು. ಈಗ ಸ್ವಂತ ಮನೆ, ಸ್ವಂತ ಒಲೆ, ಅದರ ಜೊತೆಗೆ ಒಂದು ಮತ.

"ಕ್ರಾಮರ್ ಅವರೇ, ಒಂದು ಚೂರು ಕೇಕು ತಿನ್ನಿ" ಎಂದಳು ಫೀಬಿ. "ಗೆದ್ದ ಮೇಲೆ ನೀವು ನಮ್ಮನ್ನ ಗುರುತು ಹಿಡೀತೀರೋ ಇಲ್ಲವೋ."

"ನಿನ್ನ ಕೇಕನ್ನ ಯಾರಾದ್ರೂ ಮರೀತಾರಾ ಫೀಬಿ?"

"ಕೇಕಿನ ಮಾತಲ್ಲ ನಾನಾಡಿದ್ದು" ಎಂದು ಅವಳು ಕೈಯೊರೆಸಿಕೊಂಡು, ಬುಟ್ಟಿಗೆ ಬಟ್ಟೆ ಮುಚ್ಚಿ, ಚೀಟಿ ಹಾಕಲು ಒಳಗೆ ಹೋದಳು.

ಜಿಲ್ಲೆಯ ಎಣಿಕೆ ಮುಗಿದಾಗ ಜೇಬೆಜ್ ಏಳು ಮತಗಳಿಂದ ಗೆದ್ದಿದ್ದ. ಹನ್ನೊಂದರಲ್ಲಿ ಏಳು ಕಳೆಯಲು ಬರುವವರಿಗೆಲ್ಲ ಅವನನ್ನು ಗೆಲ್ಲಿಸಿದ್ದು ಯಾರೆಂದು ಗೊತ್ತಾಯಿತು. ಅವನಿಗೂ ಗೊತ್ತಿತ್ತು. ಟ್ರೆಂಟನ್‌ಗೆ ಹೊರಡುವ ದಿನ ಗಾಣಕ್ಕೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು, ಎಂಟನೆಯ ಸಲ ಕೇಳಿದ.

ಹುಲ್ಡಾ ಅವತ್ತು ಚುನಾವಣೆ ಮುಗೀಲಿ ಅನ್ನಲಿಲ್ಲ. "ಟ್ರೆಂಟನ್‌ನಿಂದ ಬಾ, ಮಾತಾಡೋಣ" ಅಂದಳು. ಅವನ ಕೋಟಿನ ಕಾಲರಿನಲ್ಲಿ ಅಂಟಿಕೊಂಡಿದ್ದ ತುಪ್ಪಳವನ್ನು ಎರಡು ಬೆರಳಿನಲ್ಲಿ ತೆಗೆದು ಊದಿದಳು. ಏಳು ವರ್ಷದಿಂದ ಒಂದೇ ಮಾತು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ್ದವನಿಗೆ ಮಾತು ಬದಲಾದದ್ದು ತಿಳಿಯಲೇ ಇಲ್ಲ. ಗಾಡಿಗೆ ಹೊತ್ತಾಗಿತ್ತು, ಓಡಿದ.

ಟ್ರೆಂಟನ್‌ನಲ್ಲಿ ನವೆಂಬರ್ ತಿಂಗಳು ಒಂದು ಮಸೂದೆ ಬಂತು. ಮತದಾರರ ವಿಷಯದಲ್ಲಿ ಎದ್ದಿರುವ ಅನುಮಾನಗಳನ್ನು ನಿವಾರಿಸುವುದು ಅದರ ಉದ್ದೇಶವಂತೆ. ಮೂವತ್ತು ವರ್ಷ ಮತ ಹಾಕಿದವರಿಗೆ ಬಾರದ ಅನುಮಾನ ಆ ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಇನ್ನು ಮುಂದೆ ತೆರಿಗೆ ಕಟ್ಟುವ, ಬಿಳಿಯ, ಗಂಡಸು, ಇಷ್ಟಿದ್ದರೆ ಮತ. ರಿಪಬ್ಲಿಕನ್ನರೂ ಎದುರು ಪಕ್ಷದ ಫೆಡರಲಿಸ್ಟರೂ ಸೇತುವೆಗೆ ಯಾವ ಮರ ಬಳಸಬೇಕು ಎಂಬುದರಲ್ಲೂ ಒಮ್ಮತಕ್ಕೆ ಬಂದವರಲ್ಲ, ಇದೊಂದರಲ್ಲಿ ಅಣ್ಣತಮ್ಮಂದಿರಾದರು.

ಪಕ್ಕದ ಕುರ್ಚಿಯ ಸದಸ್ಯ ಜೇಬೆಜ್‌ನ ಕಿವಿಯಲ್ಲಿ, "ಏನ್ರೀ ಕ್ರಾಮರ್, ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀರಿ?" ಎಂದು ಕೇಳಿದ.

"ನನಗೆ ಓಟು ಹಾಕಿರೋ ಹೆಂಗಸರಿದ್ದಾರೆ."

"ಎಲ್ಲರಿಗೂ ಇದ್ದಾರೆ. ಆದ್ರೆ ಆ ಲಂಗದ ಗಲಾಟೆ ಆದ್ಮೇಲೆ ಏನಾದ್ರೂ ಮಾಡಲೇಬೇಕಲ್ಲ."

"ಲಂಗ ಹಾಕ್ಕೊಂಡಿದ್ದು ಗಂಡಸರು."

"ಅದೇ ಹೇಳ್ತಿರೋದು. ಹೆಂಗಸರಿಗೆ ಓಟೇ ಇಲ್ಲ ಅಂದ್ರೆ ಇವರು ಲಂಗ ಯಾಕೆ ಹಾಕ್ಕೋತಾರೆ?"

ನಿಜ ಹೇಳಬೇಕೆಂದರೆ ಜೇಬೆಜ್ ಇದಕ್ಕೆ ಉತ್ತರ ಹುಡುಕುತ್ತಲೇ ಇರಲಿಲ್ಲ. ಅವನ ತಲೆಯಲ್ಲಿ ಬೇರೊಂದು ಯೋಚನೆ ಬಂದು ಕೂತಿತ್ತು, ಅದು ಎಬ್ಬಿಸಿದರೂ ಏಳುತ್ತಿರಲಿಲ್ಲ. ಹುಲ್ಡಾ ಮದುವೆ ಬೇಡ ಅನ್ನುತ್ತಿದ್ದುದು ಯಾಕೆ? ಮತ ಹೋಗುತ್ತದೆ ಎಂದು. ಮದುವೆಯಾಗದಿದ್ದರೂ ಮತ ಹೋಗುತ್ತದೆ ಎಂದಾದರೆ? ಅಡ್ಡಿಯೇ ಇಲ್ಲ. ಏಳು ವರ್ಷದಿಂದ ದಾರಿಗಡ್ಡ ಬಿದ್ದಿದ್ದ ಮರವನ್ನು ಸರ್ಕಾರವೇ ಬಂದು ಎತ್ತಿಹಾಕುತ್ತಿದೆ. ಹೇಗೂ ಅವನೊಬ್ಬ ಬೇಡ ಅಂದರೆ ಮಸೂದೆ ನಿಲ್ಲುವುದಿಲ್ಲ. ಹೆಸರು ಕರೆದಾಗ ಜೇಬೆಜ್ ಎದ್ದು ಹೂಂ ಅಂದ. ಐದೇ ಐದು ಜನ ಇಲ್ಲ ಅಂದರು. ಕೆಳಮನೆಯನ್ನು ಮೇಲ್ಮನೆ ತಡೆಯುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದ್ದನಲ್ಲ. ಮೇಲ್ಮನೆ ತಡೆಯಲಿಲ್ಲ, ಬೆನ್ನು ತಟ್ಟಿತು.

ಅವನು ಊರಿಗೆ ಬಂದು ಮೊದಲು ಮಾಡಿದ ಕೆಲಸ ಒಂದು ಟೋಪಿ. ಜನ್ಮದಲ್ಲಿ ಹೆಂಗಸರ ಟೋಪಿ ಮಾಡಿದವನಲ್ಲ. ಒಳ್ಳೆಯ ಬೀವರ್ ತುಪ್ಪಳ ತಂದು, ಐದು ದಿನ ಕೂತು, ಕಂದು ಬಣ್ಣ ಕೊಟ್ಟು, ನೀಲಿ ರಿಬ್ಬನ್ನು ಹೊಲಿದು, ಎತ್ತಿ ನೋಡಿದ. ತನ್ನ ಕೈಯಿಂದ ಅಷ್ಟು ಚೆಂದದ ವಸ್ತು ಹಿಂದೆ ಬಂದಿರಲಿಲ್ಲ ಎಂದು ಅವನಿಗೇ ಅನ್ನಿಸಿತು. ಡಬ್ಬದಲ್ಲಿಟ್ಟುಕೊಂಡು ಗಾಣಕ್ಕೆ ನಡೆದ.

ಹುಲ್ಡಾ ಅಡಿಗೆಮನೆಯಲ್ಲಿದ್ದಳು. ಮೇಜಿನ ಮೇಲೆ ಒಳ್ಳೆಯ ತಟ್ಟೆಗಳಿದ್ದವು. ಅಮೋಸ್ ಸತ್ತ ಮೇಲೆ ಅವು ಕಪಾಟಿನಿಂದ ಇಳಿದಿರಲಿಲ್ಲ. ಹಂದಿಮಾಂಸದ ಕಡುಬು ಒಲೆಯ ಪಕ್ಕ ಬಿಸಿಯಾಗಿತ್ತು.

"ಬಂದ್ಯಾ, ಕೂತ್ಕೋ. ಐದು ದಿನದಿಂದ ಊರಲ್ಲಿದ್ದೀಯಂತೆ, ಈ ಕಡೆ ತಲೆ ಹಾಕ್ಲಿಲ್ಲ."

"ಸುದ್ದಿ ಇದೆ ಹುಲ್ಡಾ. ಇನ್ನು ನಮಗೆ ಅಡ್ಡಿ ಇಲ್ಲ." ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಮಸೂದೆ, ಲಂಗ, ಪಕ್ಕದ ಕುರ್ಚಿ, ಎಲ್ಲ. "ಮದುವೆಯಾದ್ರೂ ಓಟಿಲ್ಲ, ಆಗದಿದ್ರೂ ಓಟಿಲ್ಲ. ಇನ್ನು ಕಾಯೋದಕ್ಕೆ ಏನಿದೆ ಹೇಳು?"

ಹುಲ್ಡಾ ನಿಂತೇ ಇದ್ದಳು. "ನೀವು ಏನಂದ್ರಿ?" ಎಂದು ಕೇಳಿದಳು.

ಇಬ್ಬರೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ನಲವತ್ತು ವರ್ಷದಲ್ಲಿ ಅವಳು ಅವನಿಗೆ ನೀವು ಅಂದದ್ದು ಅದೇ ಮೊದಲು.

"ಏನಂದೆ ಅಂದ್ರೆ?"

"ಹೆಸರು ಕರೆದ್ರಲ್ಲ, ಆಗ ಎದ್ದು ಏನಂದ್ರಿ?"

"ಹೂಂ ಅಂದೆ. ನಾನೊಬ್ಬ ಬೇಡ ಅಂದಿದ್ರೆ ನಿಲ್ತಿತ್ತಾ? ಐದು ಜನ ಬೇಡ ಅಂದ್ರು, ಏನಾಯ್ತು?"

"ಆರು ಜನ ಆಗ್ತಿತ್ತು."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಆ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. "ನಾನು ಈ ಸಲ ಹೂಂ ಅನ್ನೋಳಿದ್ದೆ" ಅಂದಳು. "ನಿಮಗೆ ಓಟು ಹಾಕಿ ಮನೆಗೆ ಬರ್ತಾ ದಾರೀಲೇ ನಿರ್ಧಾರ ಮಾಡಿದ್ದೆ. ಇದೇ ಕೊನೇದು, ಸಾಕು, ಇವನಿಗೋಸ್ಕರ ಬಿಟ್ಟುಕೊಡೋಣ ಅಂತ. ನನಗೇನು ಕಲ್ಲಿನ ಎದೆ ಅಂತ ಮಾಡಿದ್ರಾ? ಏಳು ವರ್ಷ ಪ್ರತಿ ಶನಿವಾರ ಆ ಬೇಲಿ ಕಡೆ ನೋಡ್ತಾ ನಿಂತಿರ್ತಿದ್ದೆ, ಕುಂಟೋ ಸದ್ದು ಕೇಳುತ್ತಾ ಅಂತ."

"ಮತ್ತೆ ಈಗೇನು ವ್ಯತ್ಯಾಸ? ಬಿಡೋದನ್ನೇ ಬಿಟ್ಟೆ ಅಷ್ಟೇ ಅಲ್ವಾ?"

"ನಾನು ಬಿಡೋದು ಬೇರೆ, ನೀವು ಕಿತ್ಕೊಳ್ಳೋದು ಬೇರೆ. ಕೊಡೋದಕ್ಕೆ ನನ್ನ ಹತ್ರ ಅದೊಂದಿತ್ತು. ಇನ್ನೇನು ಕೊಡಲಿ ನಿಮಗೆ? ಗಾಣಾನಾ? ಅದು ಇನ್ನೂ ನಂದೇ, ಮದುವೆಯಾಗದೇ ಇರೋವರೆಗೆ."

ಮಾಡುವುದೇನೆಂದು ತೋಚದೆ ಜೇಬೆಜ್ ಡಬ್ಬದ ಮುಚ್ಚಳ ತೆಗೆದು ಟೋಪಿಯನ್ನು ಮೇಜಿನ ಮೇಲಿಟ್ಟ. ಹುಲ್ಡಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೆ ಇಷ್ಟವಾಯಿತು, ಅದು ಮುಖದಲ್ಲೇ ಕಾಣುತ್ತಿತ್ತು. ತಲೆಗಿಟ್ಟುಕೊಂಡಳು. ಟೋಪಿ ನೆತ್ತಿಯ ಮೇಲೆ ಕೂತಿತು, ಕೆಳಗಿಳಿಯಲಿಲ್ಲ. ಎರಡೂ ಕೈಯಲ್ಲಿ ಒತ್ತಿದರೂ ಇಳಿಯಲಿಲ್ಲ.

"ಅಳತೆ ತಗೊಳ್ದೆ ಹೆಂಗೆ ಮಾಡಿದ್ರಿ?"

"ಅಂದಾಜಿನ ಮೇಲೆ ಮಾಡಿದೆ."

"ಯಾವ ಅಂದಾಜು?"

"ಡಬ್ಬೀಲಿ ಎಲ್ಲಕ್ಕಿಂತ ಸಣ್ಣದು ಒಂದಿದೆಯಲ್ಲ, ಅದಕ್ಕಿಂತ ಸ್ವಲ್ಪ ಕಮ್ಮಿ ಇಟ್ಟೆ. ಹೆಂಗಸಿನ ತಲೆ ಅಲ್ವಾ ಅಂತ."

ಹುಲ್ಡಾ ನಕ್ಕುಬಿಟ್ಟಳು. ಅಳು ಬರುವವರು ನಗುವ ನಗೆ ಅದು. ಗೋಡೆಯ ಮೊಳೆಯಿಂದ ದಾರ ತೆಗೆದು ಅವನ ಕೈಗಿಟ್ಟು, "ಈಗ ಅಳೀರಿ" ಎಂದು ತಲೆ ಬಗ್ಗಿಸಿದಳು. ಜೇಬೆಜ್ ಅಳೆದ. ಗಂಟು ಹಾಕಿಕೊಂಡು ಜೇಬಿನಲ್ಲಿಟ್ಟುಕೊಂಡ. ಕಡುಬು ತಣ್ಣಗಾಯಿತು, ಯಾರೂ ತಿನ್ನಲಿಲ್ಲ.

ಅಂಗಡಿಗೆ ಬಂದು ತಗಡಿನ ಡಬ್ಬಿ ತೆಗೆದು ಹನ್ನೊಂದು ಪಟ್ಟಿಗಳನ್ನೂ ಆ ದಾರದ ಪಕ್ಕ ಇಟ್ಟು ನೋಡಿದ. ಒಂಬತ್ತು ಪಟ್ಟಿಗಳು ದಾರಕ್ಕಿಂತ ಗಿಡ್ಡ ಇದ್ದವು. ಇನ್ನೊಂದು ಸಲ ಇಟ್ಟು ನೋಡಿದ. ಆಮೇಲೆ ಆ ಡಬ್ಬಿಯ ವಿಷಯವನ್ನು ಅವನು ಹೆಂಡದಂಗಡಿಯಲ್ಲಿ ಎತ್ತಿದ್ದನ್ನು ಯಾರೂ ಕೇಳಲಿಲ್ಲ.

ಮರುವರ್ಷದ ಅಕ್ಟೋಬರಿನಲ್ಲಿ ಎರಡನೆಯ ಮಂಗಳವಾರ ಬಂತು. ಯಾವ ವಿಧವೆಯ ಬಾಗಿಲಿಗೂ ಸಾರೋಟು ಬರಲಿಲ್ಲ. ಹುಲ್ಡಾ ಮಾತ್ರ ಎಂದಿನಂತೆ ಗಾಡಿ ಕಟ್ಟಿಕೊಂಡು ಬಂದು, ಸತ್ರಕ್ಕೆ ಕೊಡಬೇಕಾದ ಪೀಪಾಯಿ ಇಳಿಸಿ, ಸಾಲಿನಲ್ಲಿ ನಿಂತಳು. ಚುನಾವಣೆಯ ಅಧಿಕಾರಿ ಸೈಲಸ್ ಅವಳ ಗಂಡನ ಗೆಳೆಯ, ವರ್ಷ ವರ್ಷವೂ ಅವಳ ಚೀಟಿ ಪೆಟ್ಟಿಗೆಗೆ ಹಾಕಿದವನು. ಅವನು ಕತ್ತೆತ್ತಲಿಲ್ಲ.

"ಹುಲ್ಡಮ್ಮ, ನನ್ನ ಕೈ ಕಟ್ಟಿಹಾಕಿದ್ದಾರೆ. ಕಾನೂನು."

"ತೆರಿಗೆ ರಸೀದಿ ತಂದಿದ್ದೀನಿ ಸೈಲಸ್. ಪೂರ್ತಿ ಕಟ್ಟಿದ್ದೀನಿ."

"ತೆರಿಗೆ ಕಟ್ಟೋದಕ್ಕೆ ಹೊಸ ಕಾನೂನಲ್ಲಿ ಯಾವ ಅಡ್ಡೀನೂ ಇಲ್ಲಮ್ಮ."

"ಅದಾದ್ರೂ ಬಿಟ್ಟಿದ್ದಾರಲ್ಲ" ಎಂದು ಅವಳು ರಸೀದಿ ಮಡಿಸಿಕೊಂಡಳು. ಹಿಂದೆ ನಿಂತವರಿಗೆ ದಾರಿ ಬಿಟ್ಟು ಹೊರಗೆ ಬಂದು ಫೀಬಿಯ ಪಕ್ಕ ಮೆಟ್ಟಿಲ ಮೇಲೆ ಕೂತಳು.

ಫೀಬಿ ಅವಳಿಗೆ ಒಂದು ಚೂರು ಕೇಕು ಕೊಟ್ಟು, "ನಿಮಗೆ ಒಂದೇ ಕಾರಣ ಹೇಳಿ ಕಳಿಸಿದ್ರು" ಅಂದಳು. "ನನಗೆ ಎರಡು ಹೇಳಿದ್ರು. ಒಂದರಲ್ಲೇ ಆಗೋ ಕೆಲಸ. ಪಾಪ, ತೊಂದರೆ ತಗೊಂಡ್ರು."

ಜೇಬೆಜ್ ಎದುರಿನ ಜಗಲಿಯ ಮೇಲೆ ನಿಂತು ಇದನ್ನೆಲ್ಲ ನೋಡಿದ. ಅವನು ಚುನಾವಣೆಗೆ ಮತ್ತೆ ನಿಂತಿದ್ದ. ಒಂದು ಸಲ ಟ್ರೆಂಟನ್ ರುಚಿ ನೋಡಿದವನನ್ನು ಪಕ್ಷ ಬಿಡುತ್ತದೆಯೇ. ಎಣಿಕೆ ಮುಗಿದು ಶುಕ್ರವಾರ ಸುದ್ದಿ ಬಂತು. ಒಂಬತ್ತು ಮತಗಳಿಂದ ಸೋತಿದ್ದ.

ಸುದ್ದಿ ತಿಳಿದ ಕೂಡಲೇ ಅವನು ಬಂದದ್ದು ಗಾಣಕ್ಕೆ. ಹಿಂದಿನ ಒಂದು ವರ್ಷ ಶನಿವಾರಗಳಲ್ಲಿ ಬೇಲಿಯವರೆಗೆ ಬಂದು ವಾಪಸು ಹೋಗಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ಅವತ್ತು ಕೈಯಲ್ಲಿ ಟೋಪಿಯ ಡಬ್ಬ ಇತ್ತು. ದಾರದ ಅಳತೆಗೆ ಹೊಸದಾಗಿ ಮಾಡಿದ ಟೋಪಿ, ಅದೇ ನೀಲಿ ರಿಬ್ಬನ್ನು.

"ಚುನಾವಣೆ ಮುಗೀತು ಹುಲ್ಡಾ" ಎಂದ.

"ಯಾರು ಗೆದ್ರು?"

"ನಾನಲ್ಲ."

"ಎಷ್ಟರಲ್ಲಿ?"

"ಒಂಬತ್ತು."

ಹೋದ ವರ್ಷದ ಗಾಡಿಯಲ್ಲಿ ಎಷ್ಟು ಜನ ಕೂತಿದ್ದರು ಎಂದು ಇಬ್ಬರಿಗೂ ನೆನಪಿತ್ತು. ಅವನು ಡಬ್ಬ ಮುಂದೆ ಚಾಚಿದ. ಅವಳು ಟೋಪಿ ತೆಗೆದು ಹಾಕಿಕೊಂಡಳು. ಸರಿಯಾಗಿ ಕೂತಿತು. ಅವಳು ಅದನ್ನು ತೆಗೆಯಲಿಲ್ಲ.

"ತಪ್ಪು ಮಾಡಿದೆ ಕಣೆ" ಎಂದ. "ಕೈ ಕತ್ತರಿಸ್ಕೊಂಡ ಹಂಗಾಗಿದೆ. ನನ್ನನ್ನ ಮದುವೆಯಾಗ್ತೀಯಾ?"

"ಚುನಾವಣೆ ಮುಗೀಲಿ, ನೋಡೋಣ."

"ಈಗ ತಾನೇ ಹೇಳಿದ್ನಲ್ಲ, ಮುಗೀತು ಅಂತ."

"ಅದು ನಿನ್ನ ಚುನಾವಣೆ. ನಾನು ಹೇಳ್ತಿರೋದು ನಾನು ಓಟು ಹಾಕೋ ಚುನಾವಣೆ."

ನೀನು ಅಂದಳಲ್ಲ, ಅಷ್ಟು ಸಾಕಾಯಿತು ಅವನಿಗೆ. ಒಂದು ಕ್ಷಣ ಉಳಿದ ಮಾತು ಕಿವಿಗೇ ಬೀಳಲಿಲ್ಲ. ಆಮೇಲೆ ಬಿತ್ತು.

"ಅದು ಯಾವಾಗ ಹುಲ್ಡಾ?"

"ನನ್ನನ್ನ ಕೇಳ್ತೀಯಾ? ಕಾನೂನು ಮಾಡಿ ಬಂದೋನು ನೀನು. ಹೋಗಿ ಬಿಚ್ಚಿ ಬಾ."

"ನನಗೀಗ ಐವತ್ತಮೂರು."

"ನನಗೂ ವಯಸ್ಸು ನಿಂತಿಲ್ಲ."

ಗಾಣದ ಕುದುರೆ ಸೇಬಿನ ರಾಶಿಯ ಪಕ್ಕ ಸುಮ್ಮನೆ ನಿಂತಿತ್ತು. ಜೇಬೆಜ್ ಹೋಗಿ ಹಗ್ಗ ಹಿಡಿದು ಸುತ್ತು ಹಾಕತೊಡಗಿದ. ಹುಲ್ಡಾ ಹೊಸ ಟೋಪಿ ತಲೆಯ ಮೇಲಿದ್ದ ಹಾಗೇ ಬುಟ್ಟಿಯ ಮುಂದೆ ಕೂತು ಸೇಬು ಆರಿಸಿದಳು. ಅವತ್ತು ಶನಿವಾರವಲ್ಲ ಎಂದು ಅವಳು ಹೇಳಲಿಲ್ಲ.